ಎಡಕ್ಕೆ ಎಳೆಯುವ ಸೈಕಲ್ಲು

ತುಮಕೂರಿನಿಂದ ತಿಪಟೂರಿಗೆ ಬರುವ ಹೆದ್ದಾರಿಯೂ ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ರಸ್ತೆಯೂ ಒಂದನ್ನೊಂದು ಕತ್ತರಿಸುವ ಸ್ಥಳಕ್ಕೆ ಕಿಬ್ಬನಹಳ್ಳಿ ಕ್ರಾಸ್ ಎಂದು ಹೆಸರು. ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಅಲ್ಲಿ ಸ್ವಲ್ಪ ಕಾಲ ನಿಂತರೆ, ಮೋಟಾರು ವಾಹನಗಳು ಎಷ್ಟೇ ಹೆಚ್ಚಿದ್ದರೂ ಸೈಕಲ್ಲಿನ ಕಾಲ ಇನ್ನೂ ಮುಗಿದಿಲ್ಲವೆಂಬುದು ಮನವರಿಕೆಯಾಗುತ್ತದೆ. ಎಳನೀರಿನ ಗೊನೆಗಳನ್ನು ಎರಡು ಮಗ್ಗುಲಿಗೂ ಇಳಿಬಿಟ್ಟು ತಳ್ಳಿಕೊಂಡು ಬರುವವರು, ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡವರು, ತೋಟದಿಂದ ಮನೆಗೆ ಕಾಯಿ ಸಾಗಿಸುವವರು, ಇವರ ನಡುನಡುವೆ ಶಾಲೆ ಕಾಲೇಜುಗಳ ಹುಡುಗ ಹುಡುಗಿಯರು. ಹೈಸ್ಕೂಲು ಮಕ್ಕಳಿಗೆ ಸರ್ಕಾರ ಸೈಕಲ್ಲು ಹಂಚಲು ತೊಡಗಿದ್ದು 2006-07ರಲ್ಲಿ. ಆ ಕಾಲದ ಸೈಕಲ್ಲುಗಳಲ್ಲಿ ಕೆಲವು ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಅಪ್ಪನಿಗೆ ಕೈ ಬದಲಿಸುತ್ತ ನಮ್ಮ ಹಳ್ಳಿಗಳಲ್ಲಿ ಉಳಿದುಕೊಂಡಿವೆ.

ಇಂಥ ಸೈಕಲ್ಲುಗಳನ್ನು ಹಿಂದಿನಿಂದ ನೋಡಬೇಕು. ಸವಾರನ ಒಂದು ಭುಜ ತುಸು ತಗ್ಗಿರುತ್ತದೆ. ಸೊಂಟ ಸೀಟಿನ ಒಂದು ಅಂಚಿಗೆ ಸರಿದಿರುತ್ತದೆ. ಕೇಳಿದರೆ, ಹಾಗೇನೂ ಇಲ್ಲವಲ್ಲ, ಎಂದು ಅವನು ಆಶ್ಚರ್ಯಪಡುತ್ತಾನೆ. ಸೈಕಲ್ಲು ಓರೆಯಾಗಿದ್ದರೆ ಸವಾರನೂ ಓರೆಯಾಗಿ ಕುಳಿತು ಅದನ್ನು ನೇರಮಾಡಿಕೊಳ್ಳುತ್ತಾನೆ. ಹಾಗೆ ಮಾಡುತ್ತಿರುವುದು ಅವನಿಗೇ ತಿಳಿಯುವುದಿಲ್ಲ. ಆದರೆ ಎಲ್ಲರೂ ಅಷ್ಟು ಅನುಭವಿಗಳಲ್ಲ.

ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ತುರುವೇಕೆರೆಯ ಕಡೆಯ ಒಂದು ಹಳ್ಳಿಯಿಂದ ಕ್ರಾಸಿನವರೆಗೆ ಸೈಕಲ್ಲಿನಲ್ಲಿ ಬಂದು, ಪರಿಚಯದವರ ಅಂಗಡಿಯ ಮುಂದೆ ಅದನ್ನು ನಿಲ್ಲಿಸಿ, ಅಲ್ಲಿಂದ ತಿಪಟೂರಿಗೆ ಬಸ್ಸು ಹತ್ತುತ್ತಿದ್ದಳು. ಆ ಸೈಕಲ್ಲು ಮೊದಲು ಅವಳ ತಂದೆಯದು. ಒಮ್ಮೆ ಕಾಯಿಯ ಚೀಲಗಳನ್ನು ಹೇರಿದ್ದಾಗ ತೋಟದ ಬದುವಿನಿಂದ ಕಾಲುವೆಗೆ ಬಲ ಮಗ್ಗುಲಾಗಿ ಉರುಳಿತ್ತಂತೆ. ಆಮೇಲೆ ಅದು ಎಡಕ್ಕೆ ಎಳೆಯಲಾರಂಭಿಸಿತು. ಎಡವೆಂದರೆ ನಮ್ಮಲ್ಲಿ ರಸ್ತೆಯ ಅಂಚು. ಡಾಂಬರು ಮುಗಿದು ಮಣ್ಣು ಒಂದು ಗೇಣು ಕೆಳಗಿಳಿಯುವ ಅಂಚು. ಹುಡುಗಿ ಎರಡು ಸಲ ಅಲ್ಲಿ ಬಿದ್ದಳು. ಎರಡನೆಯ ಸಲ ಬಿದ್ದಾಗ ಹಿಂದೆ ಲಾರಿಯೊಂದು ಬರುತ್ತಿತ್ತು. ಅವಳು ಒಂದು ವಾರ ಕಾಲೇಜಿಗೆ ಬಾರದಿದ್ದಾಗ ವಿಚಾರಿಸಿದೆ. ಹೊಸ ಸೈಕಲ್ಲು ಕೊಳ್ಳುವ ಅನುಕೂಲವಿಲ್ಲವೆಂದೂ, ಈ ಸೈಕಲ್ಲನ್ನು ಹತ್ತಕೂಡದೆಂದೂ ತಂದೆ ಹೇಳಿಬಿಟ್ಟಿದ್ದರು. ಅವರ ಹಳ್ಳಿಗೆ ಬೆಳಗಿನ ಬಸ್ಸಿಲ್ಲ. ಆದುದರಿಂದ ಮಾತು ಸೈಕಲ್ಲಿನದಾಗಿ ಉಳಿಯದೆ ಕಾಲೇಜಿನದಾಗಿತ್ತು.

ಸೈಕಲ್ಲನ್ನು ಒಂದು ದಿನದ ಮಟ್ಟಿಗೆ ತರಿಸಿಕೊಂಡು, ತಿಪಟೂರಿನಲ್ಲಿ ನನಗೆ ಪರಿಚಯವಿರುವ ಒಬ್ಬ ವಯಸ್ಸಾದ ಸೈಕಲ್ ಮೇಸ್ತ್ರಿಗಳ ಬಳಿ ಒಯ್ದೆ. ಅವರು ಒಂದು ಸುತ್ತು ಹೊಡೆದು ಬಂದು, “ಫ್ರೇಮೇ ಓರೆ ಆಗದೆ ಸಾ. ಗುಜರಿಗೆ ಹಾಕು ಅಂತ ಹೇಳಿ ಅವ್ರಪ್ಪಂಗೆ” ಎಂದರು. ಅನುಭವಿಗಳ ಮಾತು; ತೆಗೆದುಹಾಕುವಂತಿರಲಿಲ್ಲ. ಆದರೂ ಗುಜರಿಗೆ ಹಾಕುವ ಮುನ್ನ ಅಳೆದು ನೋಡೋಣವೆಂದು ಅವರನ್ನು ಒಪ್ಪಿಸಿದೆ. ಅಂದು ಮಧ್ಯಾಹ್ನ ನಾವು ಮಾಡಿದ ಪರೀಕ್ಷೆಗಳನ್ನು ಯಾರು ಬೇಕಾದರೂ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಓರೆಯಾದ ಸೈಕಲ್ಲು ಭಾರವೆ?

ಅದಕ್ಕೆ ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಫ್ರೇಮು ಓರೆಯಾದರೆ ಸೈಕಲ್ಲು ತುಳಿಯಲು ಭಾರವಾಗುತ್ತದೆ, ಚಕ್ರಗಳು ಉಜ್ಜಿಕೊಂಡು ಉರುಳುತ್ತವೆ ಎಂದು ಬಹು ಜನರ ನಂಬಿಕೆ. ಮೋಟಾರು ಕಾರಿನಲ್ಲಿ ಇದು ನಿಜವೇ. ಅಲ್ಲಿ ಎರಡು ಚಕ್ರಗಳು ಅಕ್ಕಪಕ್ಕದಲ್ಲಿವೆ. ಅವು ಪರಸ್ಪರ ಸಮಾಂತರವಾಗಿಲ್ಲದಿದ್ದರೆ ಒಂದು ಹೋಗಬೇಕೆಂಬ ದಿಕ್ಕಿಗೆ ಇನ್ನೊಂದು ಹೋಗಗೊಡಿಸದು. ಟೈರು ಸವೆಯುತ್ತದೆ, ಎಣ್ಣೆ ವ್ಯರ್ಥವಾಗುತ್ತದೆ. ಸೈಕಲ್ಲಿನಲ್ಲಾದರೋ ಚಕ್ರಗಳು ಒಂದರ ಹಿಂದೆ ಒಂದು ಇವೆ, ಮುಂದಿನದು ತಿರುಗಬಲ್ಲುದಾಗಿದೆ. ಹಿಂಚಕ್ರ ಫ್ರೇಮಿನಲ್ಲಿ 1 ಡಿಗ್ರಿಯಷ್ಟು ಓರೆಯಾಗಿ ಕುಳಿತಿದೆ ಎನ್ನೋಣ. ಆಗ ಮುಂಚಕ್ರವೂ ಸದ್ದಿಲ್ಲದೆ 1 ಡಿಗ್ರಿ ತಿರುಗಿಕೊಂಡು ಹಿಂಚಕ್ರಕ್ಕೆ ಸಮಾಂತರವಾಗುತ್ತದೆ. ಫ್ರೇಮು ಏಡಿಯಂತೆ ತುಸು ಅಡ್ಡಡ್ಡವಾಗಿ ಸಾಗುತ್ತದೆ. ಚಕ್ರಗಳು ಮಾತ್ರ ನೆಟ್ಟಗೆ ಉರುಳುತ್ತವೆ. ನಮ್ಮ ಊರುಗಳ 28 ಅಂಗುಲದ ದೊಡ್ಡ ಸೈಕಲ್ಲಿನಲ್ಲಿ ಎರಡು ಅಚ್ಚುಗಳ ನಡುವಿನ ದೂರ ಸುಮಾರು 114 ಸೆಂಟಿಮೀಟರ್. ಆದ್ದರಿಂದ ಎರಡು ಚಕ್ರಗಳ ಜಾಡುಗಳು 2 ಸೆಂಟಿಮೀಟರಿನಷ್ಟು ಬೇರೆಬೇರೆಯಾಗುತ್ತವೆ. ಉಜ್ಜುವಿಕೆ ಏನೂ ಇಲ್ಲ.

ಹಾಗಾದರೆ ಹಳೆಯ ಸೈಕಲ್ಲು ಭಾರವೆನಿಸುವುದೇಕೆ? ಬ್ರೇಕಿನ ರಬ್ಬರು ರಿಮ್ಮಿಗೆ ತಾಗುತ್ತಿರಬಹುದು. ಚೈನು ಒಣಗಿರಬಹುದು. ಹಿಂದಿನ ಕವಲಿನ ತುದಿಯಲ್ಲಿ ಅಚ್ಚು ಕೂಡುವ ಸೀಳುಗಳು ಒಂದಕ್ಕೊಂದು ಸಮಾಂತರವಾಗಿರದಿದ್ದರೆ ನಟ್ಟು ಬಿಗಿದಾಗ ಅಚ್ಚೇ ಬಾಗುತ್ತದೆ. ಆಗ ಕೋನುಗಳ ನಡುವಣ ಗೋಲಿಗಳು ಒಂದು ಕಡೆ ಬಿಗಿಯಾಗಿಯೂ ಒಂದು ಕಡೆ ಸಡಿಲವಾಗಿಯೂ ಓಡಿ ಬೇಗ ಹಾಳಾಗುತ್ತವೆ. ಓರೆಯಿಂದ ಬರುವ ಭಾರ ಇಷ್ಟೆ. ಓರೆಯ ಮುಖ್ಯ ವೆಚ್ಚವನ್ನು ತೆರುವುದು ಕಾಲಲ್ಲ, ಕೈ ಮತ್ತು ಬೆನ್ನು.

ಇದೇಕೆಂದು ತಿಳಿಯಲು ಸೈಕಲ್ಲು ಬೀಳದೆ ನಿಲ್ಲುವ ಬಗೆಯನ್ನು ಸ್ವಲ್ಪ ವಿಚಾರಿಸಬೇಕು. ಈ ಸಮಸ್ಯೆಗೆ ಪೂರ್ಣವಾದ ಸಮೀಕರಣಗಳನ್ನು 1899ರಲ್ಲಿ ಬರೆದವನು ವಿಪಲ್ ಎಂಬ ಕೇಂಬ್ರಿಜ್ ವಿದ್ಯಾರ್ಥಿ. ಉರುಳುವ ಚಕ್ರ ಬುಗುರಿಯಂತೆ ವರ್ತಿಸುವುದರಿಂದ ಸೈಕಲ್ಲು ನಿಲ್ಲುತ್ತದೆಂದು ಪಾಠಗಳಲ್ಲಿ ಬಹುಕಾಲ ಹೇಳುತ್ತಿದ್ದರು. ಇಂಗ್ಲೆಂಡಿನ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಮುಂಚಕ್ರದ ಪಕ್ಕದಲ್ಲಿ ಹಿಂದುಮುಂದಾಗಿ ತಿರುಗುವ ಇನ್ನೊಂದು ಚಕ್ರವನ್ನು ಕಟ್ಟಿ ಆ ಬುಗುರಿಯ ಗುಣವನ್ನು ಅಳಿಸಿಹಾಕಿದ. ಆದರೂ ಸವಾರಿ ಸಾಧ್ಯವಾಯಿತು. ಇದನ್ನು ಅವನು ಪ್ರಕಟಿಸಿದ್ದು 1970ರಲ್ಲಿ. ಹ್ಯಾಂಡಲಿನ ಕೊಳವೆ ಹಿಂದಕ್ಕೆ ಒರಗಿರುವುದರಿಂದ ಅದರ ಅಕ್ಷರೇಖೆಯನ್ನು ನೆಲದವರೆಗೆ ಎಳೆದರೆ ಚಕ್ರ ನೆಲವನ್ನು ಮುಟ್ಟುವ ಜಾಗಕ್ಕಿಂತ ಮುಂದೆ ಹೋಗಿ ಬೀಳುತ್ತದೆ. ಅಂದರೆ ಚಕ್ರ ತನ್ನ ಅಕ್ಷದ ಹಿಂದೆ ಎಳೆಯಲ್ಪಡುತ್ತದೆ. ಜೋನ್ಸ್ ಈ ಅಂಶಕ್ಕೆ ಹೆಚ್ಚಿನ ಬೆಲೆ ಕೊಟ್ಟ. 2011ರಲ್ಲಿ ಹಾಲೆಂಡ್ ಮತ್ತು ಅಮೆರಿಕದ ಸಂಶೋಧಕರು ಇವೆರಡೂ ಇಲ್ಲದ ಒಂದು ಪುಟ್ಟ ಸೈಕಲ್ಲನ್ನು ಕಟ್ಟಿ, ಅದೂ ಸವಾರನಿಲ್ಲದೆ ತಾನೇ ನೆಟ್ಟಗೆ ಓಡುವುದನ್ನು ತೋರಿಸಿದರು. ಒಂದೇ ಕಾರಣವೆಂಬುದಿಲ್ಲ, ಹಲವು ಕಾರಣಗಳು ಕೂಡಿ, ಯಾವ ಕಡೆ ವಾಲಿದರೆ ಆ ಕಡೆಗೆ ಮುಂಚಕ್ರ ತಾನೇ ತಿರುಗುವಂತೆ ಮಾಡಿ, ವಾಲಿದ ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತವೆ. ಮಾದರಿಗೆಂದು ತೆಗೆದುಕೊಂಡ ಒಂದು ಸೈಕಲ್ಲಿಗೆ ಈ ಸ್ವಯಂಸ್ಥಿರತೆ ಸೆಕೆಂಡಿಗೆ 4.3ರಿಂದ 6 ಮೀಟರ್ ವೇಗಗಳ ನಡುವೆ ಇರುತ್ತದೆಂದು 2007ರಲ್ಲಿ ಲೆಕ್ಕ ಹಾಕಿದ್ದಾರೆ. ಗಂಟೆಗೆ 15ರಿಂದ 22 ಕಿಲೋಮೀಟರ್ ಎಂದಂತಾಯಿತು. ಕಾಲೇಜಿಗೆ ಹೊತ್ತಾದ ಹುಡುಗರ ವೇಗ.

ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಈ ಗುಣದಿಂದಲೇ ಓರೆಯಾದ ಸೈಕಲ್ಲೂ ಓಡುತ್ತದೆ, ಮತ್ತು ಅದೇ ಗುಣ ಅದರ ದೋಷವನ್ನು ಮರೆಸುತ್ತದೆ. ಓರೆಯಾದ ಸೈಕಲ್ಲಿಗೆ ನೆಟ್ಟಗೆ ಓಡುವ ಭಂಗಿ ಎಂಬುದೊಂದು ಇದ್ದೇ ಇರುತ್ತದೆ. ಆದರೆ ಅದು ನೆಟ್ಟಗೆ ನಿಂತ ಭಂಗಿಯಲ್ಲ. ಸವಾರ ಹೊರಳಿ ಕುಳಿತು, ಹ್ಯಾಂಡಲನ್ನು ಒಂದು ಕಡೆ ಒತ್ತಿ ಹಿಡಿದು ಆ ಭಂಗಿಯನ್ನು ಪೂರೈಸಬೇಕು. ಒಂದು ನಿಮಿಷ ಮೈಮರೆತರೆ ಡಾಂಬರಿನ ಅಂಚು.

ಮೊದಲು ಸಂಶಯಪಡಬೇಕಾದವು

ಮೇಸ್ತ್ರಿಗಳು ಮೊದಲು ಕೈಯಿಟ್ಟದ್ದು ಫ್ರೇಮಿಗಲ್ಲ, ಹಿಂಚಕ್ರದ ನಟ್ಟುಗಳಿಗೆ. ಚೈನು ಬಿಗಿಮಾಡುವಾಗ ಬಲಗಡೆಯ ತುದಿಯನ್ನು ಹಿಂದಕ್ಕೆಳೆದು ಎಡಗಡೆಯನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು. ಓರೆಯೆಂದು ಬರುವ ಸೈಕಲ್ಲುಗಳಲ್ಲಿ ಅರ್ಧದಷ್ಟು ಈ ಒಂದು ಸ್ಪ್ಯಾನರಿನಿಂದಲೇ ಗುಣವಾಗುತ್ತವೆಂದು ಅವರು ಹೇಳಿದರು. ಬಳಿಕ ರಿಮ್ಮುಗಳ ಬೆಂಡು ತೆಗೆದರು. ಹ್ಯಾಂಡಲಿನ ಗೋಲಿಗಳು ಎಲ್ಲಿಯೂ ಕಚ್ಚದೆ ತಿರುಗುತ್ತವೆಯೇ ಎಂದು ಮುಂಚಕ್ರವನ್ನು ಎತ್ತಿ ನೋಡಿದರು; ಇಲ್ಲಿ ಬಿಗಿಯಿದ್ದರೆ ಮುಂಚಕ್ರ ತಾನೇ ತಿರುಗಲಾರದು, ಸೈಕಲ್ಲು ಕುಡಿದವನಂತೆ ತೂರಾಡುತ್ತದೆ. ಇಷ್ಟಾದ ಮೇಲೂ ಎಳೆತ ಹಾಗೆಯೇ ಇತ್ತು.

ಕಾಯಿ ಹೇರುವವರಿಗಾಗಿ ಇಲ್ಲಿ ಒಂದು ಲೆಕ್ಕ. ಸುಲಿದ ತೆಂಗಿನಕಾಯಿ ಸುಮಾರು ಅರ್ಧ ಕಿಲೋ ಎನ್ನೋಣ. ನೂರು ಕಾಯಿಗಳನ್ನು ಎರಡು ಚೀಲಗಳಲ್ಲಿ ತುಂಬಿ, ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿ ಎಡಬಲಕ್ಕೆ ಇಳಿಬಿಟ್ಟಿದೆ. ಎಣಿಕೆ ತಪ್ಪಿ ಒಂದು ಕಡೆ 55, ಇನ್ನೊಂದು ಕಡೆ 45 ಬಿದ್ದರೆ ಭಾರದ ವ್ಯತ್ಯಾಸ 5 ಕಿಲೋ. ಸೈಕಲ್ಲು, ಸವಾರ, ಕಾಯಿ ಎಲ್ಲ ಸೇರಿ 130 ಕಿಲೋ ಆದರೆ ಒಟ್ಟು ಗುರುತ್ವಕೇಂದ್ರ ಸುಮಾರು 1 ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತದೆ. ಚೆನ್ನಾಗಿ ಪೆಟ್ಟು ತಿಂದ ಫ್ರೇಮು ಕೂಡ ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ. ಆದ್ದರಿಂದ ಹೇರಿದ ಸೈಕಲ್ಲನ್ನು ನೋಡಿ ಫ್ರೇಮನ್ನು ಬೈಯುವುದು ಸಲ್ಲದು. ಪರೀಕ್ಷೆಯನ್ನು ಬರಿಯ ಸೈಕಲ್ಲಿನಲ್ಲಿಯೇ ಮಾಡಬೇಕು. ರಸ್ತೆಯ ಮೇಲೂ ಮಾಡಬಾರದು. ಮಳೆನೀರು ಹರಿಯಲೆಂದು ರಸ್ತೆ ನಡುವಿನಿಂದ ಅಂಚಿಗೆ ಇಳಿಜಾರಾಗಿರುತ್ತದೆ. ಎಡಗಡೆಯೇ ಹೋಗುವ ನಮಗೆ ಎಲ್ಲ ಸೈಕಲ್ಲುಗಳೂ ಕೊಂಚ ಎಡಕ್ಕೆ ಎಳೆದಂತೆಯೇ ಕಾಣುತ್ತವೆ.

ನಮಗೆ ಸಿಕ್ಕಿದ್ದು ಹತ್ತಿರದ ಒಂದು ಕೊಬ್ಬರಿ ಮಂಡಿಯ ಸಿಮೆಂಟಿನ ಅಂಗಳ. ಕೊಬ್ಬರಿಯನ್ನು ಹರವಲೆಂದು ಮಟ್ಟವಾಗಿ ಗಾರೆ ಹಾಕಿದ ನೆಲ, ಅಂದು ಖಾಲಿಯಾಗಿತ್ತು. ಮೊದಲನೆಯ ಪರೀಕ್ಷೆ ಚಿಕ್ಕಂದಿನಲ್ಲಿ ನಾವೆಲ್ಲರೂ ಆಟಕ್ಕೆಂದು ಮಾಡಿರುವುದೇ: ಹ್ಯಾಂಡಲನ್ನು ಬಿಟ್ಟು ಸೀಟನ್ನು ಮಾತ್ರ ಹಿಡಿದು ಸೈಕಲ್ಲನ್ನು ನಡೆಸುವುದು. ಸರಿಯಾದ ಸೈಕಲ್ಲನ್ನು ನೆಟ್ಟಗೆ ಹಿಡಿದರೆ ನೆಟ್ಟಗೆ ಹೋಗುತ್ತದೆ. ಇದನ್ನು ನೆಟ್ಟಗೆ ಹಿಡಿದರೆ ಎಡಕ್ಕೆ ತಿರುಗುತ್ತಿತ್ತು. ನೇರ ನಡೆಸಬೇಕಾದರೆ ಬಲಕ್ಕೆ ವಾಲಿಸಿಯೇ ಹಿಡಿಯಬೇಕಾಗಿತ್ತು. ಅಂಗಳದ ಎರಡು ದಿಕ್ಕಿಗೂ ನಡೆಸಿದೆವು, ನೆಲದ ಇಳಿಜಾರಿನ ಸಂಶಯ ಉಳಿಯಬಾರದೆಂದು. ಎರಡು ದಿಕ್ಕಿಗೂ ಎಡವೇ.

ಬಳಿಕ ಎರಡು ಟೈರುಗಳನ್ನೂ ನೀರಿನಲ್ಲಿ ತೋಯಿಸಿ, ಮೇಸ್ತ್ರಿಗಳ ಮೊಮ್ಮಗನನ್ನು ಹತ್ತಿಸಿ ನಿಧಾನವಾಗಿ ನೇರಕ್ಕೆ ಬಿಟ್ಟೆವು. ಒಣ ಸಿಮೆಂಟಿನ ಮೇಲೆ ಎರಡು ಜಾಡುಗಳು ಮೂಡಿದವು. ಇವನ್ನು ಓದುವಾಗ ಎಚ್ಚರ ಬೇಕು: ಮುಂಚಕ್ರ ಎಂದೂ ನೇರ ಹೋಗದು, ಹಾವಿನಂತೆ ಹೊರಳುತ್ತಲೇ ಇರುತ್ತದೆ. ಅದರ ಜಾಡು ಹಿಂಚಕ್ರದ ಜಾಡನ್ನು ಆಚೀಚೆ ಸಮನಾಗಿ ದಾಟುತ್ತಿದ್ದರೆ ಸೈಕಲ್ಲು ಸರಿಯಿದೆ. ಒಂದೇ ಮಗ್ಗುಲಿಗೆ ಉಳಿದರೆ ದೋಷವಿದೆ. ಇಲ್ಲಿ ಅದು ಹೆಚ್ಚಾಗಿ ಬಲಕ್ಕೇ ಉಳಿದಿತ್ತು, ಬೆರಳಿನ ಅರ್ಧ ಅಗಲದಷ್ಟು. ಎಳೆಯುವುದು ಎಡಕ್ಕೆ, ಜಾಡು ಬಲಕ್ಕೆ! ಇದು ನನ್ನನ್ನು ಸ್ವಲ್ಪ ಹೊತ್ತು ಗಲಿಬಿಲಿಗೊಳಿಸಿತು.

ದಾರದ ಸಾಕ್ಷಿ

ಈಗ ಫ್ರೇಮಿನ ಸರದಿ. ದಾರದ ಪರೀಕ್ಷೆ ಹಳೆಯದು, ಸರಳವಾದುದು. ಹಿಂಚಕ್ರವನ್ನು ಕಳಚಿ, ಎಡಗಡೆಯ ಸೀಳಿಗೆ ದಾರದ ಒಂದು ತುದಿಯನ್ನು ಕಟ್ಟಬೇಕು. ದಾರವನ್ನು ಮುಂದಕ್ಕೊಯ್ದು ಹ್ಯಾಂಡಲಿನ ಕೊಳವೆಯನ್ನು ಮುಂದಿನಿಂದ ಬಳಸಿ, ಬಲಗಡೆಯಿಂದ ಹಿಂದಕ್ಕೆ ತಂದು ಬಲಗಡೆಯ ಸೀಳಿಗೆ ಬಿಗಿಯಾಗಿ ಕಟ್ಟಬೇಕು. ನಡುವೆ ಸೀಟಿನ ಕೊಳವೆ ನಿಂತಿರುತ್ತದೆ. ಅದರ ಮೈಯಿಂದ ಎಡದಾರಕ್ಕೂ ಬಲದಾರಕ್ಕೂ ಇರುವ ತೆರಪನ್ನು ಅಳತೆಪಟ್ಟಿಯಿಂದ ಅಳೆದರೆ ಎರಡೂ ಸಮನಾಗಿರಬೇಕು. ತೆಂಗಿನ ನಾಡೆಂದು ತೆಂಗಿನ ನಾರಿನ ಹುರಿಯನ್ನು ಬಳಸಹೋದರೆ ಅದರ ಸಿಂಬೆಗೂದಲೇ ಎರಡು ಮಿಲಿಮೀಟರ್! ಗಾರೆಯವರು ಗೋಡೆ ಕಟ್ಟಲು ಹಿಡಿಯುವ ನೈಲಾನ್ ದಾರ ಒಳ್ಳೆಯದು. ದಾರ ಬ್ರೇಕಿನ ಕಡ್ಡಿಗೆ ತಾಗಬಾರದು. ಪಂಪು ಸಿಕ್ಕಿಸುವ ಗುಬುಟು ಇರುವೆಡೆ ಅಳೆಯಬಾರದು.

ನಮಗೆ ಬಂದ ಅಳತೆ: ಎಡಕ್ಕೆ 33 ಮಿಲಿಮೀಟರ್, ಬಲಕ್ಕೆ 30. “ನೋಡಿದ್ರಾ?” ಎಂದರು ಮೇಸ್ತ್ರಿಗಳು. ಅವರ ತೀರ್ಪು ಸ್ಥಿರಪಟ್ಟಂತಾಯಿತು.

ಆದರೆ 3 ಮಿಲಿಮೀಟರಿನ ಈ ವ್ಯತ್ಯಾಸದ ಅರ್ಥವೇನು? ಹಿಂದಿನ ಕವಲು ಎಡಕ್ಕೋ ಬಲಕ್ಕೋ ಸರಿದಿದ್ದರೆ ದಾರವೂ ಅದರೊಡನೆ ಸರಿಯುತ್ತದೆ. ಆದರೆ ಸೀಟಿನ ಕೊಳವೆಯ ಬಳಿ ಅಷ್ಟೇ ಸರಿಯುವುದಿಲ್ಲ. ಹ್ಯಾಂಡಲಿನ ಕೊಳವೆಯಿಂದ ಹಿಂದಿನ ಸೀಳಿನವರೆಗೆ ದಾರದ ಉದ್ದವನ್ನು ಏಳು ಪಾಲು ಮಾಡಿದರೆ, ಸೀಟಿನ ಕೊಳವೆ ಸುಮಾರು ನಾಲ್ಕನೆಯ ಪಾಲಿನ ಕೊನೆಯಲ್ಲಿ ಬರುತ್ತದೆ. ಸಮರೂಪ ತ್ರಿಭುಜಗಳ ನಿಯಮದಂತೆ ಅಲ್ಲಿ ಸರಿಯುವುದು ಏಳರಲ್ಲಿ ನಾಲ್ಕು ಪಾಲು. ಒಂದು ಕಡೆಯ ತೆರಪು ಅಷ್ಟು ಹೆಚ್ಚಿ ಇನ್ನೊಂದು ಅಷ್ಟೇ ಕುಗ್ಗುವುದರಿಂದ ವ್ಯತ್ಯಾಸ ಏಳರಲ್ಲಿ ಎಂಟು ಪಾಲು. ಎಂದರೆ ಎರಡು ಅಳತೆಗಳ ವ್ಯತ್ಯಾಸವೇ ಹೆಚ್ಚು ಕಡಮೆ ಹಿಂದಿನ ಕವಲಿನ ಓರೆ. ನಮ್ಮ ಸೈಕಲ್ಲಿನಲ್ಲಿ ಅದು 2.6 ಮಿಲಿಮೀಟರ್, ಮೂರು ಗೀರುಕಡ್ಡಿಗಳ ದಪ್ಪಕ್ಕೂ ಕಡಮೆ. ಹಿತ್ತಾಳೆಯ ಬೆಸುಗೆಯಿಂದ ಕೊಳವೆಗಳನ್ನು ಜೋಡಿಸಿದ ಸಾಧಾರಣ ಸೈಕಲ್ಲೊಂದು ಕಾರ್ಖಾನೆಯಿಂದ ಇಷ್ಟು ಓರೆಯಾಗಿಯೇ ಹೊರಟಿದ್ದರೂ ಆಶ್ಚರ್ಯವಿಲ್ಲ. ಹುಡುಗಿಯನ್ನು ಎರಡು ಸಲ ಕೆಡಹುವ ಶಕ್ತಿ ಈ ಓರೆಗಿಲ್ಲವೆಂದು ನನಗೆ ತೋರಿತು. ಮೇಸ್ತ್ರಿಗಳು ತಲೆಯಾಡಿಸಿದರಾದರೂ ಒಪ್ಪಿದಂತೆ ಕಾಣಲಿಲ್ಲ.

ದಾರ ಹೇಳಲಾರದ ಸಂಗತಿಯೂ ಒಂದುಂಟು. ಹ್ಯಾಂಡಲಿನ ಕೊಳವೆ ತಾನಿದ್ದ ಜಾಗದಲ್ಲಿಯೇ ತಿರುಚಿಕೊಂಡು ಎಡಕ್ಕೋ ಬಲಕ್ಕೋ ವಾಲಿದ್ದರೆ ದಾರಕ್ಕೆ ಅದು ಗೊತ್ತಾಗದು. ಕೊಳವೆಯ ನಡುಭಾಗ ಕದಲಿಲ್ಲವಷ್ಟೆ. ಆದರೆ ಸವಾರಿಗೆ ಈ ತಿರುಚು ಕವಲಿನ ಓರೆಗಿಂತ ಎಷ್ಟೋ ಹೆಚ್ಚು ಕೆಟ್ಟದು. ಕೊಳವೆಯಿಂದ ನೆಲಕ್ಕೆ ಮುಕ್ಕಾಲು ಮೀಟರ್ ಇದೆ; 1 ಡಿಗ್ರಿ ತಿರುಚಿದರೂ ಮುಂಚಕ್ರ ನೆಲದಲ್ಲಿ 13 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಇದನ್ನು ಕಂಡುಹಿಡಿಯುವ ಸಾಧನ ಕಣ್ಣು. ಸೈಕಲ್ಲಿನ ಮುಂದೆ ಎಂಟು ಹತ್ತು ಅಡಿ ದೂರದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಹ್ಯಾಂಡಲಿನ ಕೊಳವೆಯ ಅಂಚು ಹಿಂದಿನ ಸೀಟಿನ ಕೊಳವೆಯ ಅಂಚನ್ನು ಮುಚ್ಚುವಂತೆ ತಲೆಯನ್ನು ಸರಿಸಬೇಕು. ಮೇಲಿನಿಂದ ಕೆಳಗಿನವರೆಗೆ ಅಂಚಿಗೆ ಅಂಚು ಕೂಡಿದರೆ ತಿರುಚಿಲ್ಲ. ಸಂಶಯ ಬಂದರೆ ಎರಡು ತೂಗುಗುಂಡುಗಳನ್ನು ಇಳಿಬಿಟ್ಟು, ಸೀಟಿನ ಕೊಳವೆಯನ್ನು ಒಂದರ ದಾರಕ್ಕೆ ಸರಿಹೊಂದಿಸಿ, ಹ್ಯಾಂಡಲಿನ ಕೊಳವೆಯನ್ನು ಇನ್ನೊಂದರ ದಾರದೊಡನೆ ಹೋಲಿಸಬಹುದು. (ಅಂಗಳದಾಚೆಯ ತೆಂಗಿನ ಮರದ ಜೊತೆ ಹೋಲಿಸಬೇಡಿ. ಬೆಳಕಿಗೆ ಬಾಗುವ ಮರವದು. ತೋಟದ ಅಂಚಿನ ಮರಗಳನ್ನು ಒಮ್ಮೆ ನೋಡಿ. ಅಡಕೆಯ ಮರವಾದರೆ ಅಷ್ಟು ಮೋಸವಿಲ್ಲ.) ನಮ್ಮ ಸೈಕಲ್ಲು ಈ ಪರೀಕ್ಷೆಯಲ್ಲಿ ನಿರ್ದೋಷಿಯಾಗಿ ಹೊರಬಂದಿತು. ಮೇಸ್ತ್ರಿಗಳು ತಾವೂ ಕುಳಿತು ನೋಡಿ, “ನೆಟ್ಟಗೇ ಅದೆ” ಎಂದರು. ನನಗಿಂತ ಅವರಿಗೆ ಹೆಚ್ಚು ಆಶ್ಚರ್ಯವಾಗಿತ್ತು.

ಚಕ್ರ ತಿರುಗಿಸಿದಾಗ

ಉಳಿದದ್ದು ಮುಂದಿನ ಫೋರ್ಕು. ಮುಂಚಕ್ರದ ರಿಮ್ಮು ಫೋರ್ಕಿನ ಹೆಗಲಿನ ಕೆಳಗೆ ಎರಡು ಕಾಲುಗಳ ನಡುವೆ ಹಾದುಹೋಗುವೆಡೆ ತೆರಪನ್ನು ಅಳೆದೆವು. ಎಡಗಾಲಿನ ಕಡೆ 12 ಮಿಲಿಮೀಟರ್, ಬಲಗಾಲಿನ ಕಡೆ 22. ಎಂದರೆ ರಿಮ್ಮು ಮಧ್ಯದಿಂದ 5 ಮಿಲಿಮೀಟರ್ ಎಡಕ್ಕಿದೆ. “ಕಡ್ಡಿ ಸರಿಯಾಗಿ ಎಳೆದಿಲ್ಲ, ರಿಮ್ಮು ಒಂದ್ಕಡೆ ಕೂತದೆ” ಎಂದು ಮೇಸ್ತ್ರಿಗಳು ಕಡ್ಡಿಯ ಚಾವಿಯನ್ನು ಕೈಗೆತ್ತಿಕೊಂಡರು. ಅದೂ ಸಾಧ್ಯವೇ. ಆದರೆ ಇವೆರಡನ್ನು ಬೇರ್ಪಡಿಸಲು ಬಹಳ ಸುಲಭವಾದ ಒಂದು ಉಪಾಯವಿದೆ: ಚಕ್ರವನ್ನು ಕಳಚಿ, ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಿ ಮತ್ತೆ ಹಾಕುವುದು. ತಪ್ಪು ಚಕ್ರದ್ದಾದರೆ ಚಕ್ರದೊಡನೆ ತಪ್ಪೂ ತಿರುಗಿ, ರಿಮ್ಮು ಈಗ ಬಲಕ್ಕೆ ಬರಬೇಕು. ತಪ್ಪು ಫೋರ್ಕಿನದಾದರೆ ರಿಮ್ಮು ಎಡಕ್ಕೇ ಉಳಿಯಬೇಕು. ತಿರುಗಿಸಿ ಹಾಕಿ ಅಳೆದೆವು. ಎಡಕ್ಕೆ 12, ಬಲಕ್ಕೆ 22!

ಬಲಮಗ್ಗುಲಾಗಿ ಬಿದ್ದಾಗ ಫೋರ್ಕಿನ ಬಲಗಾಲು ತುಸು ಮಡಿಸಿತ್ತು. ಎಷ್ಟು? ಅಚ್ಚಿನಿಂದ ನಾವು ಅಳೆದ ಜಾಗಕ್ಕೆ 34 ಸೆಂಟಿಮೀಟರ್. ಫೋರ್ಕಿನ ಎರಡು ಸೀಳುಗಳ ನಡುವೆ ಒಂಬತ್ತೂವರೆ. ಮೇಲೆ 5 ಮಿಲಿಮೀಟರ್ ಓರೆಯಾಗಲು ಕೆಳಗೆ ಒಂದು ಸೀಳು ಇನ್ನೊಂದಕ್ಕಿಂತ 1.4 ಮಿಲಿಮೀಟರ್ ಮೇಲಿದ್ದರೆ ಸಾಕು. ಕಣ್ಣಿಗೆ ಕಾಣದ ಮಡಿಕೆಯನ್ನು ಚಕ್ರವೇ ಮೂರೂವರೆ ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು; ನಾವು ನೋಡಿರಲಿಲ್ಲ.

ಜಾಡಿನ ಒಗಟೂ ಈಗ ಬಿಡಿಸಿತು. ಚಕ್ರದ ನೆತ್ತಿ ಎಡಕ್ಕೆ 5 ಮಿಲಿಮೀಟರ್ ವಾಲಿದರೆ ಅದರ ಬುಡ ಬಲಕ್ಕೆ ಅಷ್ಟೇ ಸರಿಯಬೇಕಲ್ಲವೆ! ಹಾಗಾದರೆ ಎಳೆತ ಎಡಕ್ಕೇಕೆ? ನೆಲ ಚಕ್ರವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಈ ಒತ್ತಡ ಹ್ಯಾಂಡಲಿನ ಅಕ್ಷದ ನೇರ ಕೆಳಗೆ ಬಿದ್ದರೆ ಯಾವ ಕಡೆಗೂ ತಿರುಗಿಸದು. 5 ಮಿಲಿಮೀಟರ್ ಬಲಕ್ಕೆ ಬಿದ್ದರೆ, ಅಕ್ಷ ಹಿಂದಕ್ಕೆ ಒರಗಿರುವ ಕಾರಣ, ಚಕ್ರವನ್ನು ಎಡಕ್ಕೆ ತಿರುಗಿಸುವ ಒಂದು ಭ್ರಾಮಕ ಹುಟ್ಟುತ್ತದೆ. ಸ್ಥೂಲವಾಗಿ ಲೆಕ್ಕ ಹಾಕೋಣ. ಮುಂಚಕ್ರದ ಮೇಲಿನ ಭಾರ 27 ಕಿಲೋ. ಹ್ಯಾಂಡಲಿನ ಕೊಳವೆ ಲಂಬದಿಂದ ಒರಗಿರುವುದು 23 ಡಿಗ್ರಿ. ಹ್ಯಾಂಡಲಿನ ಹಿಡಿ ಅಕ್ಷದಿಂದ 27 ಸೆಂಟಿಮೀಟರ್ ದೂರ. ಇವುಗಳಿಂದ ಹಿಡಿಯಲ್ಲಿ ತೋರುವ ಬಲ ಸುಮಾರು 200 ಗ್ರಾಂ ತೂಕಕ್ಕೆ ಸಮ. ಒಂದೆರಡು ಉಂಡೆಕೊಬ್ಬರಿಯ ಭಾರದಿಂದ ಯಾರೋ ಎಡಗೈಯ ಹಿಡಿಯನ್ನು ಸದಾ ಹಿಂದಕ್ಕೆ ಜಗ್ಗುತ್ತಿರುವಂತೆ! ಒಂದು ಗಳಿಗೆಗೆ ಇದು ಏನೂ ಅಲ್ಲ. ಕ್ರಾಸಿನವರೆಗಿನ ಹಾದಿಯಲ್ಲಿ, ಪುಸ್ತಕದ ಚೀಲ ಹೊತ್ತು, ದಿನಕ್ಕೆರಡು ಸಲ, ತಿಂಗಳುಗಟ್ಟಲೆ ತಡೆದು ಹಿಡಿಯಬೇಕಾದರೆ ಹೇಗಿರುತ್ತದೆಂಬುದನ್ನು ಆ ಹುಡುಗಿಯ ಬಲಭುಜ ಬಲ್ಲದು. ನೋಯುತ್ತಿತ್ತೆಂದು ಕೇಳಿದ ಮೇಲೆ ಹೇಳಿದಳು. ಬರೆದು ಬರೆದು ನೋಯುತ್ತಿದೆಯೆಂದು ಮನೆಯಲ್ಲಿ ಭಾವಿಸಿದ್ದರಂತೆ.

ಬಾಗಿದ್ದನ್ನು ಬಾಗಿಸುವುದು

ಬಾಗಿದ ಉಕ್ಕನ್ನು ಮತ್ತೆ ನೇರಮಾಡಬಹುದೆ? ಹಿಂದಿನ ಕವಲಾದರೆ ಮಾಡಬಹುದು, ಎಷ್ಟೋ ಮೇಸ್ತ್ರಿಗಳು ಮಾಡುತ್ತಾರೆ. ಫ್ರೇಮನ್ನು ಮಲಗಿಸಿ, ಸೀಟಿನ ಕೊಳವೆಯನ್ನು ಆಸರೆ ಮಾಡಿಕೊಂಡು, ಒಂದು ಗಟ್ಟಿ ಮರದ ರೀಪಿನಿಂದ ಕವಲಿನ ಒಂದು ತೋಳನ್ನು ಮೀಟುತ್ತಾರೆ. ಮೊದಲ ಸಲ ನೋಡುವವರಿಗೆ ಭಯವಾಗುತ್ತದೆ: 3 ಮಿಲಿಮೀಟರ್ ಸರಿಪಡಿಸಲು ಒಂದೆರಡು ಸೆಂಟಿಮೀಟರ್ ಬಾಗಿಸುತ್ತಾರೆ. ಉಕ್ಕಿಗೆ ಸ್ಥಿತಿಸ್ಥಾಪಕತ್ವವಿರುವುದರಿಂದ ಒಂದು ಮಿತಿಯವರೆಗೆ ಬಾಗಿಸಿದ್ದೆಲ್ಲವೂ ಕೈಬಿಟ್ಟೊಡನೆ ಮರಳಿ ಬರುತ್ತದೆ. ಮಿತಿಯಾಚೆ ಬಾಗಿಸಿದಷ್ಟು ಮಾತ್ರ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಮೀಟಿ, ಪ್ರತಿ ಸಲವೂ ದಾರ ಹಿಡಿದು ನೋಡಬೇಕು. ಬೆಂಕಿ ತೋರಿಸಕೂಡದು, ಕೊಳವೆಗಳ ಸಂದಿಯಲ್ಲಿರುವ ಬೆಸುಗೆ ಹಾಳಾಗುತ್ತದೆ. ಇತ್ತೀಚಿನ ಅಲ್ಯೂಮಿನಿಯಮ್ ಫ್ರೇಮುಗಳಿಗೆ ಈ ಚಿಕಿತ್ಸೆಯನ್ನು ಮಾಡಲೇಬಾರದು. ಉಕ್ಕಿನಂತೆ ಅವು ಬಾಗಿ ಸುಮ್ಮನಿರುವುದಿಲ್ಲ, ಬಿರುಕು ಬಿಡುತ್ತವೆ. ಯಾವ ಲೋಹವೇ ಆಗಲಿ, ಕೊಳವೆಯ ಮೇಲೆ ಸುಕ್ಕು ಬಿದ್ದಿದ್ದರೆ ಅಥವಾ ಬಣ್ಣ ಎಳೆ ಎಳೆಯಾಗಿ ಒಡೆದಿದ್ದರೆ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಫೋರ್ಕಿನ ಮಾತು ಬೇರೆ. ಮೇಸ್ತ್ರಿಗಳು ಒಳಗಿನಿಂದ ಒಂದು ಕಬ್ಬಿಣದ ಕೊಳವೆಯನ್ನು ತಂದು ಬಲಗಾಲಿಗೆ ತೊಡಿಸಿ, “ಒಂದು ಏಟಿಗೆ ತೆಗೀತೀನಿ ಸಾ” ಎಂದರು. ತೆಗೆಯಬಲ್ಲರೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಹಿಂದಿನ ಕವಲು ಮುರಿದರೆ ಸೈಕಲ್ಲು ನಿಲ್ಲುತ್ತದೆ. ಫೋರ್ಕು ಮುರಿದರೆ ಸವಾರ ಮುಖವಡಿಯಾಗಿ ಬೀಳುತ್ತಾನೆ. ಕಾಲಿನ ಹಿಂಬದಿಯನ್ನು ಒರೆಸಿ ನೋಡಿದಾಗ ಬಣ್ಣದಲ್ಲಿ ಕೂದಲೆಳೆಯಂಥ ಎರಡು ಗೆರೆಗಳು ಕಂಡವು. ಅದನ್ನು ಅವರಿಗೆ ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ ನೋಡಿದವರು ಮಾತನಾಡದೆ ಕೊಳವೆಯನ್ನು ಒಳಗಿಟ್ಟು, ಅಟ್ಟದಿಂದ ಹೊಸ ಫೋರ್ಕೊಂದನ್ನು ಇಳಿಸಿದರು. ಹೊಸ ಸೈಕಲ್ಲಿನ ಬೆಲೆಯೆದುರು ಅದರ ಬೆಲೆ ಬಹು ಅಲ್ಪ. ಕೂಲಿಯನ್ನು ಅವರು ತೆಗೆದುಕೊಳ್ಳಲಿಲ್ಲ. ಗುಜರಿಗೆ ಹಾಕು ಎಂದ ಬಾಯಿಗೆ ಅದು ದಂಡವೆಂದರು.

ಸಂಜೆ ಅಂಗಳದಲ್ಲಿ ಮತ್ತೆ ಟೈರು ತೋಯಿಸಿದೆವು. ಈ ಸಲ ಹತ್ತಿದವಳು ಆ ಹುಡುಗಿಯೇ. ಮುಂಚಕ್ರದ ಜಾಡು ಹಿಂಚಕ್ರದ ಜಾಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ದಾಟುತ್ತ ಗೋಡೆಯವರೆಗೂ ಹೋಯಿತು. ಹಿಂದಿನ ಕವಲಿನ 2.6 ಮಿಲಿಮೀಟರನ್ನು ನಾವು ಹಾಗೆಯೇ ಬಿಟ್ಟೆವು; ಅದು ಇಂದಿಗೂ ಹಾಗೆಯೇ ಇದೆ. ಸೈಕಲ್ಲು ಕ್ರಾಸಿನ ಅಂಗಡಿಯ ಮುಂದೆ ದಿನವೂ ನಿಲ್ಲುತ್ತಿದೆ.

ಹಳೆಯ ಫೋರ್ಕನ್ನು ನಾನು ಕೇಳಿ ತಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಟ್ಟಿದ್ದೇನೆ. ಅದನ್ನು ಗಾಜಿನ ಹಲಗೆಯ ಮೇಲೆ ಕಾಲೂರಿಸಿ, ಮೂಲೆಮಟ್ಟಕ್ಕೆ ಸರಿಯಾಗಿ ನೆಟ್ಟಗೆ ನಿಲ್ಲಿಸಿದರೆ ಬಲಗಾಲು ಹಲಗೆಯನ್ನು ಮುಟ್ಟುವುದಿಲ್ಲ. ಆ ತೆರಪಿನಲ್ಲಿ ಕಾಗದದ ಹಾಳೆಗಳನ್ನು ಒಂದೊಂದಾಗಿ ತೂರಿಸಿ, ತುಂಬಿದ ಮೇಲೆ ಹಾಳೆಗಳ ಕಟ್ಟನ್ನು ಸ್ಕ್ರೂಗೇಜಿನಿಂದ ಅಳೆಯುವುದು ಮೊದಲ ವರ್ಷದವರಿಗೆ ಕೊಡುವ ಅಭ್ಯಾಸ. ಲೆಕ್ಕದಿಂದ ನಮಗೆ ಬಂದದ್ದು 1.4 ಮಿಲಿಮೀಟರ್. ಈವರೆಗೆ ಅಳೆದ ಆರು ತಂಡಗಳಿಗೆ 1.3ರಿಂದ 1.6ರವರೆಗೆ ಬಂದಿದೆ, 1.6 ಬಂದ ತಂಡದವರು ಹಾಳೆಗಳನ್ನು ಸಾಕಷ್ಟು ಒತ್ತಿರಲಿಲ್ಲ.